ಎರಡು ಬಿಳಿ

ಬಲಗಣ್ಣಿನ ಬಿಳಿಯೇ ಬೇರೆ, ಎಡಗಣ್ಣಿನ ಬಿಳಿಯೇ ಬೇರೆ ಎಂಬುದು ಅವನಿಗೆ ತಿಳಿದದ್ದು ಹೆಂಡತಿ ಹಗ್ಗದ ಮೇಲೆ ಒಣಹಾಕಿದ್ದ ಹೊದಿಕೆಯಿಂದ. ಬಲಗಣ್ಣಿನ ಪೊರೆ ತೆಗೆಸಿಕೊಂಡು, ಕಟ್ಟು ಬಿಚ್ಚಿಸಿಕೊಂಡು ಬಂದ ಮರುದಿನ ಬೆಳಿಗ್ಗೆ ಹಿತ್ತಿಲಲ್ಲಿ ಹಲ್ಲುಜ್ಜುತ್ತ ನಿಂತವನು ಸುಮ್ಮನೆ ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ನೋಡಿದ್ದ. ಎಡಗಣ್ಣಿಗೆ ಹೊದಿಕೆ ಎಂದಿನ ಹೊದಿಕೆಯೇ ಆಗಿತ್ತು. ಬಲಗಣ್ಣಿಗೆ ಅದು ನೀಲಿಯ ಕಡೆಗೆ ಒಂಚೂರು ವಾಲಿದ, ನೋಡಿದರೆ ಹಲ್ಲು ಜುಮ್ಮೆನ್ನುವಂಥ ಬಿಳಿ. ಮತ್ತೆ ಎಡಗಣ್ಣು ಬಿಟ್ಟು ನೋಡಿದರೆ ಚಹಾ ಸೋಸುವ ಬಟ್ಟೆಯನ್ನು ಎಷ್ಟು ತಿಕ್ಕಿ ಒಗೆದರೂ ಉಳಿದುಬಿಡುತ್ತದಲ್ಲ, ಆ ಬಣ್ಣ. ಬಕೆಟ್ಟು ಹಿಡಿದು ಬಂದ ಹೆಂಡತಿ, "ಏನ್ರೀ ಅದು, ಹೊದಿಕೆಗೆ ಕಣ್ಣು ಹೊಡೀತಿದೀರಾ?" ಎಂದು ನಕ್ಕಳು. ಅವನೂ ನಕ್ಕ. ಆದರೆ ಅವಳು ಅತ್ತ ತಿರುಗಿದ ಮೇಲೆ ಮತ್ತೆ ಒಂದೊಂದೇ ಕಣ್ಣು ಮುಚ್ಚಿ ನೋಡಿದ. ಬೇರೆಯವರಿಗಾದರೆ ಇದು ಸಂಜೆ ನಾಲ್ಕು ಜನರ ಮುಂದೆ ಹೇಳಿಕೊಂಡು ನಗುವ ಸಂಗತಿ. ಅವನ ಕೆಲಸವೋ ಕಾರುಗಳ ಮೈಮೇಲಿನ ಗೀರು ಮುಚ್ಚುವುದು. ಅದರಲ್ಲೂ ಹಳೆಯ ಬಣ್ಣಕ್ಕೆ ಹೊಸ ಬಣ್ಣವನ್ನು ಬರೀ ಕಣ್ಣಳತೆಯಲ್ಲಿ ಕಲಸಿ, ಎಲ್ಲಿ ಹಳೆಯದು ಮುಗಿಯಿತು ಎಲ್ಲಿ ಹೊಸದು ಶುರುವಾಯಿತು ಎಂದು ದೇವರಿಗೂ ಗೊತ್ತಾಗದ ಹಾಗೆ ಮಾಡುವುದು. ಇದಕ್ಕಾಗಿಯೇ ಜನ ಅವನನ್ನು ಬಣ್ಣದ ಮೇಷ್ಟ್ರು ಎಂದು ಕರೆಯುತ್ತಿದ್ದರು. ಯಂತ್ರಕ್ಕೆ ಸಂಖ್ಯೆ ಹೇಳಿ ಬಣ್ಣ ಮಾಡಿಸಿಕೊಳ್ಳುವ ದೊಡ್ಡ ಅಂಗಡಿಗಳವರೂ ಬಿಸಿಲಿಗೆ ಮಾಸಿದ ಕಾರು ಬಂದರೆ ಇವನ ಶೆಡ್ಡಿಗೇ ಕಳಿಸುತ್ತಿದ್ದರು.

ಅದಾಗಿ ಕೆಲವು ವಾರಗಳಾಗಿದ್ದವು. ಶೆಡ್ಡಿಗೆ ನಡೆದುಹೋಗುವ ದಾರಿ ಈಗ ಅವನಿಗೆ ಮೊದಲಿನಷ್ಟು ಸಲೀಸಾಗಿರಲಿಲ್ಲ. ಬೀದಿಯ ಎರಡೂ ಬದಿಗೆ ನಿಂತಿರುತ್ತಿದ್ದ ಕಾರುಗಳಲ್ಲಿ ಅವನ ಕೈ ಸೋಕದವು ಕಡಿಮೆ. ಮುಂಚೆ ಅವುಗಳ ಪಕ್ಕ ಹಾದುಹೋಗುವಾಗ ಯಾವ ಬಾಗಿಲನ್ನು ತಾನು ಮಾಡಿದ್ದು, ಯಾವ ಬಂಪರನ್ನು ಮಾಡಿದ್ದು ಎಂದು ಅವನಿಗೇ ಮರೆತುಹೋಗಿರುತ್ತಿತ್ತು. ಮರೆತುಹೋಗಿರುವುದರಲ್ಲೇ ಅವನ ಸುಖವಿತ್ತು. ಈಗ ಬಲಗಣ್ಣು ಮರೆಯಲು ಬಿಡುತ್ತಿರಲಿಲ್ಲ. ವಕೀಲರ ಬೂದು ಕಾರಿನ ಹಿಂದಿನ ಬಾಗಿಲಲ್ಲಿ ಅಂಗೈಯಗಲ ಹಳದಿ ಛಾಯೆ. ಬೇಕರಿಯವರ ಬಿಳಿ ವ್ಯಾನಿನ ಪಕ್ಕೆಯಲ್ಲಿ ಒಂದು ಉದ್ದನೆಯ ತೇಪೆ, ಬೇಕೆಂದೇ ಬೇರೆ ಬಣ್ಣ ಬಳಿದಷ್ಟು ಸ್ಪಷ್ಟವಾಗಿ. ಅಯ್ಯೋ, ಇದನ್ನು ನಾನೇ ಮಾಡಿದ್ದಾ? ಮಾಡಿ, ಹಿಂದೆ ಸರಿದು ನಿಂತು, ಸೊಂಟದ ಮೇಲೆ ಕೈಯಿಟ್ಟು, ಬೇಕರಿಯವನಿಗೆ "ಹುಡುಕಿ ನೋಡೋಣ" ಎಂದು ಸವಾಲು ಬೇರೆ ಹಾಕಿದ್ದೆನಲ್ಲ! ಬೇಕರಿಯವನು ಆಗ ಏನೆಂದಿದ್ದ? "ಬಿಡಿ ಮೇಷ್ಟ್ರೇ, ನೀವು ಮಾಡಿದ ಮೇಲೆ ಮುಗೀತು" ಎಂದಿದ್ದ. ಕಂಡೂ ಕಾಣದವನ ಹಾಗೆ ಅಂದಿದ್ದನೋ, ನಿಜಕ್ಕೂ ಕಂಡಿರಲಿಲ್ಲವೋ. ಆ ಮಾತನ್ನು ಈಗ ನೆನೆಸಿಕೊಂಡರೆ ಕಿವಿ ಬಿಸಿಯಾಗುತ್ತಿತ್ತು. ಡಾಕ್ಟರನ್ನು ಕೇಳಿದಾಗ, ಪೊರೆ ಒಂದೇ ದಿನದಲ್ಲಿ ಬರುವುದಿಲ್ಲ, ವರ್ಷಗಟ್ಟಲೆ ಹಳದಿ ಗಾಜಿನ ಹಿಂದೆ ಕೂತು ನೋಡಿದ ಹಾಗೆ ಆಗಿರುತ್ತದೆ, ನೀಲಿ ಸರಿಯಾಗಿ ಕಾಣುವುದೇ ಇಲ್ಲ, ಇನ್ನೊಂದು ಕಣ್ಣಿಗೂ ಮಾಡಿದರೆ ಎರಡೂ ಒಂದೇ ಆಗುತ್ತದೆ ಎಂದು ಬಹಳ ಸರಳವಾಗಿ ಹೇಳಿ ಮುಂದಿನವರನ್ನು ಕರೆದಿದ್ದರು.

ಆದರೆ ಅವನಿಗೆ ಒಂದು ಸಮಾಧಾನ ಸಿಕ್ಕಿತ್ತು, ಆ ಸಮಾಧಾನ ವಿಚಿತ್ರವಾಗಿತ್ತು. ಹಳದಿಗೆ ತಿರುಗಿದ ತೇಪೆಗಳೆಲ್ಲ ಒಂದು ಕಾಲದವು. ಈಚಿನವು, ಅಂದರೆ ಕಣ್ಣು ಇನ್ನೂ ಮಂಜಾಗಿ, ಬಸ್ಸಿನ ಬೋರ್ಡು ಓದಲು ಹೆಂಡತಿಯ ಸಹಾಯ ಬೇಕಾಗುತ್ತಿದ್ದ ದಿನಗಳವು, ಬಲಗಣ್ಣಿಗೂ ಕುಂದಿಲ್ಲದೆ ಕಾಣುತ್ತಿದ್ದವು. ಅಂಚೆ ಕಚೇರಿಯ ಎದುರು ನಿಲ್ಲುತ್ತಿದ್ದ ಬಿಳಿ ಟ್ಯಾಕ್ಸಿಯ ಬಾಗಿಲ ಮುಂದೆ ಅವನು ಒಮ್ಮೆ ಕೂತೇಬಿಟ್ಟಿದ್ದ; ಕುಕ್ಕರಗಾಲಲ್ಲಿ ಕೂತು, ತಲೆಯನ್ನು ಆಚೆಗೊಮ್ಮೆ ಈಚೆಗೊಮ್ಮೆ ವಾಲಿಸಿ, ಡ್ರೈವರು ಬಂದು "ಏನಾದ್ರೂ ಬಿತ್ತಾ ಸಾರ್?" ಎಂದು ಕೇಳುವವರೆಗೆ. ಎಲ್ಲಿ ಗೀರಿತ್ತೆಂದು ಕಂಡುಹಿಡಿಯಲಾಗಲಿಲ್ಲ. ಎದ್ದು ನಡೆಯುವಾಗ ಮೈ ಹಗುರವಾಗಿತ್ತು. ಕಣ್ಣು ಕೈಕೊಟ್ಟಾಗ ಕೈಯೇ ಕಣ್ಣಾಯಿತು ಎಂದುಕೊಂಡ. ಇಷ್ಟು ವರ್ಷ ಪಳಗಿದ ಕೈ. ಅದಕ್ಕೆ ಹನಿ ಗೊತ್ತು, ತೂಕ ಗೊತ್ತು, ಎಷ್ಟು ತಿರುಗಿಸಿದರೆ ಬಣ್ಣ ಎಷ್ಟು ಕೂರುತ್ತದೆಂದು ಗೊತ್ತು. ಇದನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ಹಳದಿ ತೇಪೆಗಳ ಮಾತೂ ಬರುತ್ತದೆ. ಮನಸ್ಸಿನೊಳಗೇ ಇಟ್ಟುಕೊಂಡು, ಬಾಯಲ್ಲಿ ಬೆಲ್ಲದ ಚೂರು ಇಟ್ಟುಕೊಂಡವನಂತೆ ಚಪ್ಪರಿಸುತ್ತಿದ್ದ.

ಆ ದಿನ ಅವನು ಹೋದಾಗ ಶೆಡ್ಡಿನ ಮುಂದೆ ಒಂದು ಬಿಳಿ ಕಾರು ನಿಂತಿತ್ತು, ಕಣ್ಣಿಗೆ ಆಪರೇಷನ್ ಆದ ಮೇಲೆ ಅವನ ಕೈಗೆ ಬಂದ ಮೊದಲ ಬಣ್ಣದ ಕೆಲಸ. ಪಕ್ಕದಲ್ಲಿ ಔಷಧಿ ಅಂಗಡಿಯಾಕೆ, ಕೈಚೀಲವನ್ನು ಎದೆಗೆ ಅವಚಿಕೊಂಡು. ಭಾವಮೈದುನ, ಅಂದರೆ ಹೆಂಡತಿಯ ತಮ್ಮ, ಆಗಲೇ ಬಂದು ಶೆಡ್ಡಿನ ಕಸ ಗುಡಿಸಿ, ನೆಲಕ್ಕೆ ನೀರು ಚಿಮುಕಿಸಿದ್ದ. ಇಬ್ಬರೂ ಸೇರಿ ನಡೆಸುವ ಶೆಡ್ಡು ಅದು. ಬಣ್ಣ ಕಲಸುವುದು ಇವನು, ಸ್ಪ್ರೇ ಗನ್ನು ಹಿಡಿದು ಹೊಡೆಯುವುದು ಭಾವಮೈದುನ. ಮದುವೆಯಾದ ಹೊಸದರಲ್ಲಿ ಮೀಸೆ ಚಿಗುರದೆ ಇದ್ದವನನ್ನು ಕರೆತಂದು ಕೆಲಸ ಕಲಿಸಿದಂದಿನಿಂದ ಹಾಗೇ ನಡೆದುಬಂದಿತ್ತು. ಈಗ ಆ ಮೀಸೆಯೂ ನೆರೆತಿದೆ. ಮಾತು ಮಾತ್ರ ಇನ್ನೂ ಅಷ್ಟೇ ಕಡಿಮೆ.

"ಯಾರೋ ಗೀಚ್ಬಿಟ್ಟಿದಾರೆ ನೋಡಿ," ಎಂದಳು ಔಷಧಿ ಅಂಗಡಿಯಾಕೆ. "ನಿಲ್ಸಿ ಹೋಗಿದ್ದೆ. ಬರೋ ಅಷ್ಟರಲ್ಲಿ ಹೀಗೆ. ಎಂಥಾ ಜನಾನೋ."

ಅವನು ಬಾಗಿ ನೋಡಿದ. ಮುಂದಿನ ಬಾಗಿಲಿನಿಂದ ಹಿಂದಕ್ಕೆ ಮೂರು ಗೀರುಗಳು, ಒಂದರ ಮೇಲೊಂದು, ಬಾಚಣಿಗೆಯಲ್ಲಿ ಎಳೆದಂತೆ ಸಮ. ಉಗುರು ಆಡಿಸಿದ. ಮೇಲಿನ ಎರಡು ತಡೆದವು. ಕೆಳಗಿನದು ಉಗುರನ್ನೇ ಹಿಡಿದು ನಿಲ್ಲಿಸಿತು, ಒಳಗೆ ತಗಡು ಕಾಣುತ್ತಿತ್ತು. ಕಿಡಿಗೇಡಿಯ ಕೈ ಹೀಗೆ ಗೀಚುವುದಿಲ್ಲ. ಅದು ಏರುತ್ತದೆ, ಇಳಿಯುತ್ತದೆ, ಯಾರಾದರೂ ಬಂದಾರೆಂದು ಅವಸರದಲ್ಲಿ ಬಾಲ ಬಿಡುತ್ತದೆ. ಇದು ಗೇಟಿನ ಕಂಬದಿಂದ ಹೊರಗೆ ಚಾಚಿದ ಕಬ್ಬಿಣದ ಕೆಲಸ. ಕಂಬ ನಿಂತಿತ್ತು, ಹೋದದ್ದು ಕಾರೇ. ತಾಗಿದ ಮೇಲೂ ಆಕೆ ಬ್ರೇಕು ಒತ್ತುವ ಬದಲು ಗಾಬರಿಯಲ್ಲಿ ಮುಂದಕ್ಕೆ ಬಿಟ್ಟಿದ್ದಾಳೆ ಎಂಬುದೂ ಅಲ್ಲೇ ಬರೆದಿತ್ತು. ಅವನು ತಲೆಯೆತ್ತಿ, "ಆಗ್ತಿರತ್ತಮ್ಮ. ಜನ ಹಾಗೇ," ಎಂದ. ಆಕೆಯ ಹೆಗಲು ಒಂದು ಬೆರಳಷ್ಟು ಇಳಿಯಿತು. ಹೀಗೆ ಎಷ್ಟು ಜನರ ಸುಳ್ಳನ್ನು ಅವನು ಹೊಟ್ಟೆಗೆ ಹಾಕಿಕೊಂಡಿಲ್ಲ! ನಾಯಿ ಅಡ್ಡ ಬಂತು ಎಂದವರು, ಸೈಕಲ್ಲಿನವನು ಬಂದು ಗುದ್ದಿದ ಎಂದವರು, ಅಪ್ಪನ ಕಾರು ಕದ್ದು ಓಡಿಸಿ ಆಲಿಕಲ್ಲು ಬಿತ್ತು ಎಂದ ಒಬ್ಬ ಪುಣ್ಯಾತ್ಮ. ಯಾರನ್ನೂ ಅವನು ಎದುರಿಸಿ ಕೇಳಿದವನಲ್ಲ. ಗೀರು ಮುಚ್ಚುವುದು ತನ್ನ ಕೆಲಸ, ಬಯಲು ಮಾಡುವುದಲ್ಲ ಎಂಬುದು ಅವನ ಹೆಮ್ಮೆ. ಸುಳ್ಳು ಹೇಳಿ ಹಗುರಾಗಿ ಹೋಗುವವರ ಬೆನ್ನು ನೋಡುವಾಗ ತಾನು ದೊಡ್ಡ ಮನುಷ್ಯನೆಂದು ಅವನಿಗೆ ಅನ್ನಿಸುತ್ತಿತ್ತು.

"ಸಂಜೆಗೆ ಸಿಗತ್ತಾ? ಮನೇಲಿ ಇನ್ನೂ ಹೇಳಿಲ್ಲ," ಎಂದಳು ಆಕೆ.

"ಹೇಳೋ ಹಾಗೇ ಇರಲ್ಲ ಬಿಡಿ," ಎಂದ.

ಬಾಗಿಲನ್ನು ಸಾಬೂನು ನೀರಲ್ಲಿ ತೊಳೆದು, ಮೇಣದ ಜಿಡ್ಡು ತೆಗೆದು, ಸುತ್ತ ಕಾಗದ ಅಂಟಿಸುವ ಕೆಲಸವನ್ನು ಇಬ್ಬರೂ ಮಾತಿಲ್ಲದೆ ಮಾಡಿದರು. ಆಮೇಲೆ ಉಜ್ಜುವುದು ಅವನ ಪಾಲು. ಉಜ್ಜುಕಾಗದವನ್ನು ನೀರಲ್ಲಿ ನೆನೆಸಿ, ಮರದ ತುಂಡಿಗೆ ಸುತ್ತಿ, ಗೀರಿನ ಅಂಚನ್ನು ಮೆಲ್ಲಗೆ ಇಳಿಜಾರು ಮಾಡುತ್ತ ಹೋಗಬೇಕು. ಗೀರು ಮುಚ್ಚಬೇಕಾದರೆ ಮೊದಲು ಅದನ್ನು ಅಗಲ ಮಾಡಬೇಕು, ಈ ಮಾತನ್ನು ಕೇಳಿ ಹೌಹಾರದ ಗಿರಾಕಿಯಿಲ್ಲ. ಬೆರಳುದ್ದದ ಗಾಯಕ್ಕೆ ಮೊಳದಗಲ ಉಜ್ಜುತ್ತೀರಲ್ಲ ಎಂದು ಬೇಕರಿಯವನು ತಲೆಮೇಲೆ ಕೈ ಹೊತ್ತು ನಿಂತಿದ್ದ. ಉಜ್ಜುತ್ತ ಹೋದಂತೆ ಪದರಗಳು ಒಂದರೊಳಗೊಂದು ಉಂಗುರವಾಗಿ ಕಾಣತೊಡಗುತ್ತವೆ: ಮೇಲಿನ ಹೊಳಪು, ಅದರಡಿಯ ಬಿಳಿ, ಅದರಡಿಯ ಬೂದು, ನಡುವೆ ತಗಡು. ಬೆರಳನ್ನು ಒದ್ದೆ ಮಾಡಿ, ಕಣ್ಣು ಮುಚ್ಚಿ ಸವರಿದರೆ ಎಲ್ಲೂ ಮೆಟ್ಟಿಲು ಸಿಗಬಾರದು. ಕಣ್ಣು ಮುಚ್ಚಿದಾಗ ಎಷ್ಟು ನೆಮ್ಮದಿ! ಅಲ್ಲಿ ಎರಡು ಬಿಳಿಯಿಲ್ಲ. ಆಸ್ಪತ್ರೆಯಲ್ಲಿ ಕಟ್ಟು ಕಟ್ಟಿಕೊಂಡು ಮಲಗಿದ್ದಾಗ ಭಾವಮೈದುನ ಬಂದು ಮಂಚದ ಬದಿಯಲ್ಲಿ ಕೂತಿದ್ದ, ತುಂಬ ಹೊತ್ತು. "ಇನ್ನು ಚೆನ್ನಾಗಿ ಕಾಣತ್ತಾ ಭಾವ?" ಎಂದು ಕೇಳಿದ್ದ. "ಮುಂಚೆ ಏನು ಕಾಣ್ತಿರ್ಲಿಲ್ವೇನೋ?" ಎಂದು ಇವನು ಸಿಡುಕಿದ್ದ. ಭಾವಮೈದುನ ಹೊದಿಕೆ ಸರಿಪಡಿಸಿ ಎದ್ದಿದ್ದ. ಕೂತದ್ದು ಕಟ್ಟು ಕಟ್ಟಿದ್ದ ಕಣ್ಣಿನ ಕಡೆಗಾದ್ದರಿಂದ ಅವನ ಮುಖದಲ್ಲಿ ಏನಿತ್ತೆಂದು ಇವನಿಗೆ ತಿಳಿದಿರಲಿಲ್ಲ. ಪುಟ್ಟಿ ತುಂಬಿ, ಒಣಗಿಸಿ, ಮತ್ತೆ ಉಜ್ಜಿ, ಪ್ರೈಮರು ಹೊಡೆದು, ಒಣಗಲು ದೀಪದ ಕಾವಿಗೆ ಬಿಟ್ಟಾಗ ಮಧ್ಯಾಹ್ನವಾಗಿತ್ತು.

ಊಟ ಮುಗಿಸಿ ಅವನು ಬಣ್ಣಕ್ಕೆ ಕೂತ. ಜನ ಬಿಳಿ ಸುಲಭವೆಂದು ತಿಳಿದಿದ್ದಾರೆ. ಕೆಂಪು, ನೀಲಿ ಸ್ವಲ್ಪ ಆಚೀಚೆಯಾದರೆ ಕಣ್ಣು ಕ್ಷಮಿಸುತ್ತದೆ, ಬಿಳಿಯನ್ನು ಕ್ಷಮಿಸುವುದಿಲ್ಲ. ಡಬ್ಬಿಯ ಬಿಳಿಗೆ ಒಂದು ಹನಿ ಕಪ್ಪು ಬಿದ್ದರೆ ಅದು ಮಂಕಾಗಿ ನೆಲಕ್ಕೆ ಇಳಿಯುತ್ತದೆ, ಒಂದು ಹನಿ ಹಳದಿಗೆ ಮುಪ್ಪಾಗುತ್ತದೆ, ಒಂದು ಹನಿ ನೀಲಿಗೆ ಚಳಿ ಹಿಡಿಯುತ್ತದೆ. ಅವನು ಎಡಗಣ್ಣನ್ನು ಮುಚ್ಚಿಕೊಂಡ. ಕಲಸಿದ್ದನ್ನು ಕಡ್ಡಿಯಲ್ಲಿ ಎತ್ತಿ ತಗಡಿನ ಪಟ್ಟಿಯ ಮೇಲೆ ಬಳಿದು, ಒಣಗಿಸಿ, ಹೊರಗೆ ಬಿಸಿಲಲ್ಲಿ ಕಾರಿನ ಮುಂಭಾಗಕ್ಕೆ ಒತ್ತಿ ಹಿಡಿದ. ಇಲ್ಲ. ಮತ್ತೆ ಕಲಸಿದ. ಇಲ್ಲ. ಮುಂಚೆಯಾದರೆ ಎರಡನೆಯ ಸಲಕ್ಕೇ ಎದ್ದುಬಿಡುತ್ತಿದ್ದ. ಈಗ ಬಲಗಣ್ಣು ಹೊಸ ಸೊಸೆ ಬಂದ ಮನೆಯ ಅತ್ತೆಯಂತೆ ಪ್ರತಿಯೊಂದಕ್ಕೂ ಕೊಂಕು ತೆಗೆಯುತ್ತಿತ್ತು. ಕೊನೆಗೊಮ್ಮೆ ಪಟ್ಟಿಯ ಮೇಲಿನ ಬಣ್ಣ ಕಾರಿನ ಬಣ್ಣದೊಳಗೆ ಕರಗಿತು. ಪಟ್ಟಿಯ ಅಂಚು ಮಾತ್ರ ಗೆರೆಯಾಗಿ ಉಳಿಯಿತು, ಬಣ್ಣ ಉಳಿಯಲಿಲ್ಲ. ಅವನಿಗೆ ಕಣ್ಣು ತುಂಬಿ ಬಂತು, ಖುಷಿಗೇ. ಬಟ್ಟಲನ್ನು ಭಾವಮೈದುನನ ಕೈಗೆ ಕೊಟ್ಟು, "ಹೊಡಿ," ಎಂದ. ಭಾವಮೈದುನ ಎಂದಿನಂತೆ ಬಟ್ಟಲು ತೆಗೆದುಕೊಂಡು ಪರದೆ ಇಳಿಬಿಟ್ಟ ಕೋಣೆಯೊಳಗೆ ಹೋದ. ಸೋಸುವುದು, ತೆಳುವಾಗಿಸುವುದು, ಗನ್ನಿಗೆ ತುಂಬುವುದು ಅಲ್ಲೇ. ಎಂದಿನಂತೆ ಇವನು ಹೊರಗಿನ ಕಲ್ಲಿನ ಮೇಲೆ ಕೂತು ಗನ್ನಿನ ಉಸಿರು ಹೋಗುವುದು ಬರುವುದು ಕೇಳಿದ.

ಬಣ್ಣ ಒಣಗಿ, ಮೇಲಿನ ಹೊಳಪು ಹೊಡೆಯುವ ಮುಂಚೆ ಒಮ್ಮೆ ಬೆಳಕಿಗೆ ತರುವುದು ಪದ್ಧತಿ. ಇಬ್ಬರೂ ಸೇರಿ ಕಾರನ್ನು ತಳ್ಳಿದರು. ಬಿಸಿಲಿಗೆ ಬಂದ ಕೂಡಲೇ ಬಾಗಿಲು ನೀಲಿಗಟ್ಟಿ ಕಂಡಿತು. ಸ್ವಲ್ಪವೇ. ಆದರೆ ಚಳಿಯಲ್ಲಿ ನಿಂತವರ ತುಟಿಯ ಹಾಗೆ, ಒಮ್ಮೆ ಕಂಡ ಮೇಲೆ ಕಾಣದೆ ಇರುವಂಥದ್ದಲ್ಲ. ಅವನು ಬಲಗಣ್ಣು ಮುಚ್ಚಿ ಎಡಗಣ್ಣಲ್ಲಿ ನೋಡಿದ. ಎಲ್ಲ ಸರಿಯಾಗಿತ್ತು, ಬಾಗಿಲೂ ಕಾರೂ ಒಂದೇ. ಬಲಗಣ್ಣು: ನೀಲಿ. ಎಡಗಣ್ಣು: ಸರಿ. ಹಾಗಾದರೆ ಈ ಹೊಸ ಕಣ್ಣೇ ಸುಳ್ಳು ಹೇಳುತ್ತಿದೆಯೇ? ಬೇಕರಿಯ ವ್ಯಾನು, ವಕೀಲರ ಕಾರು ಎಲ್ಲ ಇದರ ಸುಳ್ಳೇ? ಹಾಗೆಂದುಕೊಂಡರೆ ಎಷ್ಟು ಆರಾಮ! ಆದರೆ ಅದೇ ಕಣ್ಣು ಮಧ್ಯಾಹ್ನ ಸೈ ಎಂದಿತ್ತಲ್ಲ. ಪಟ್ಟಿ ಇನ್ನೂ ಜೇಬಿನಲ್ಲಿತ್ತು. ತೆಗೆದು ಕಾರಿನ ಮುಂಭಾಗಕ್ಕೆ ಹಿಡಿದ. ಕರಗಿತು. ಬಾಗಿಲಿಗೆ ಹಿಡಿದ. ಬೇರೆ ನಿಂತಿತು. ಒಂದೇ ಬಟ್ಟಲಿನ ಬಣ್ಣ, ಪಟ್ಟಿಯ ಮೇಲೆ ಒಂದು, ಬಾಗಿಲ ಮೇಲೆ ಇನ್ನೊಂದು. ಬಟ್ಟಲು ತನ್ನ ಕೈಯಿಂದ ಬಾಗಿಲಿಗೆ ಹೋಗುವ ನಡುವೆ ಇದ್ದದ್ದು ಒಂದೇ ಒಂದು ಕೈ. ಅವನು ತಿರುಗಿ ನೋಡಿದ. ಭಾವಮೈದುನ ಬಾಗಿಲನ್ನಲ್ಲ, ತನ್ನ ಚಪ್ಪಲಿಯನ್ನು ನೋಡುತ್ತಿದ್ದ. ಮುಖ ಹುಳ್ಳಗಾಗಿತ್ತು.

"ಏನು ಹಾಕಿದೆ?" ಎಂದ ಇವನು.

ಭಾವಮೈದುನ ಬಗ್ಗಿ ಚಪ್ಪಲಿಗೆ ಅಂಟಿದ್ದ ಕಾಗದದ ಚೂರೊಂದನ್ನು ಕಿತ್ತ.

"ಕೇಳ್ತಿರೋದು ನಿನ್ನನ್ನೇ. ಬಟ್ಟಲಿಗೆ ಏನು ಹಾಕಿದೆ?"

"ನೀಲಿ," ಎಂದ ಭಾವಮೈದುನ. "ಒಂಚೂರು. ಕೈ ತಾನಾಗೇ ಹೋಯ್ತು ಭಾವ. ಕಣ್ಣು ಸರಿಯಾಗಿದೆ ಅನ್ನೋದು ನೆನಪೇ ಆಗ್ಲಿಲ್ಲ. ಅಭ್ಯಾಸ ಆಗ್ಬಿಟ್ಟಿದೆ."

"ಅಭ್ಯಾಸ ಅಂದ್ರೆ?"

"ಬೇಕರಿ ವ್ಯಾನ್ ವಾಪಸ್ ಬಂದಿತ್ತಲ್ಲ…"

"ಬೇಕರಿ ವ್ಯಾನ್ ಯಾವಾಗ ವಾಪಸ್ ಬಂತು?"

"ಬಂದಿತ್ತು. ನೀವು ಇರ್ಲಿಲ್ಲ. ಹಳದಿಗೆ ಹೊಡೀತಿದೆ ಅಂದ. ಬೇರೆ ಮಾಡ್ಕೊಡ್ತೀನಿ ಅಂದ್ರೆ ಅವನೇ ಬೇಡ ಅಂದ. ಮೇಷ್ಟ್ರಿಗೆ ಬೇಜಾರಾಗತ್ತೆ, ಇರ್ಲಿ ಬಿಡಿ ಅಂದ. ಅವತ್ತಿಂದ ನೀವು ಕೊಟ್ಟಿದ್ದಕ್ಕೆ ನಾನು ಒಳಗೆ ಹೋಗಿ ಒಂದು ಹನಿ ನೀಲಿ ಹಾಕ್ತಿದ್ದೆ. ಕೆಲವಕ್ಕೆ ಎರಡು. ನೋಡ್ಕೊಂಡು."

ಅಂಚೆ ಕಚೇರಿಯ ಎದುರಿನ ಟ್ಯಾಕ್ಸಿ ಅವನ ಕಣ್ಣ ಮುಂದೆ ಬಂತು. ಕುಕ್ಕರಗಾಲಲ್ಲಿ ಕೂತು, ಅದರ ಮುಂದೆ ತಲೆ ವಾಲಿಸಿ, ತನ್ನ ಕೈಯನ್ನು ತಾನೇ ಹೊಗಳಿಕೊಂಡದ್ದು. ಕೈಯೇ ಕಣ್ಣಾಯಿತಂತೆ! ನಾಚಿಕೆಯಿಂದ ಅವನ ಕುತ್ತಿಗೆಯವರೆಗೆ ಬಿಸಿ ಏರಿತು. ಪಿತ್ತ ನೆತ್ತಿಗೇರುತ್ತದೆಂದು ಕಾದ, ಏರಲಿಲ್ಲ. ಏನೋ ಕುಸಿದು ಕೂತಿತು, ಅಷ್ಟೇ.

"ನಿಮ್ಮಕ್ಕಂಗೆ ಗೊತ್ತಾ?"

"ಅಕ್ಕನೇ ಹೇಳಿದ್ದು," ಎಂದ ಭಾವಮೈದುನ, ಇನ್ನೂ ಚಪ್ಪಲಿಗೇ. "ನಾನು ನಿಮಗೆ ಹೇಳೋಣ ಅಂತಿದ್ದೆ. ಬೇಡ ಕಣೋ, ಅವರು ನೆಲ ಹಿಡಿದುಬಿಡ್ತಾರೆ, ನೀನೇ ಸುಧಾರಿಸ್ಕೋ, ಕಣ್ಣಿನ ಆಪರೇಷನ್‌ಗೆ ನಾನು ಹೇಗಾದ್ರೂ ಒಪ್ಪಿಸ್ತೀನಿ ಅಂದ್ಲು."

ಒಪ್ಪಿಸಿದ್ದಳು. ನನಗೆ ನೀವು ದಾರಿ ತೋರಿಸಬೇಕು, ನಾನು ನಿಮಗೆ ಬಸ್ಸಿನ ಬೋರ್ಡು ಓದಿ ಹೇಳಬಾರದು ಎಂದು ಜಗಳ ತೆಗೆದು, ಎರಡು ದಿನ ಮಾತು ಬಿಟ್ಟು, ಒಪ್ಪಿಸಿದ್ದಳು. ಅಂಗಡಿಯ ಮಾತೆತ್ತಿರಲಿಲ್ಲ. ಅವನು ಹೋಗಿ ಕಲ್ಲಿನ ಮೇಲೆ ಕೂತ. ಬೇಕರಿಯವನು, ಹೆಂಡತಿ, ಭಾವಮೈದುನ, ಇನ್ನೂ ಯಾರಾರೋ. ತಾನು ಇಷ್ಟು ವರ್ಷ ಗಿರಾಕಿಗಳಿಗೆ ಕೊಟ್ಟದ್ದನ್ನೇ ಅವರು ತನಗೆ ಕೊಟ್ಟಿದ್ದರು. ಕಂಡದ್ದನ್ನು ಕಾಣಲಿಲ್ಲವೆಂದು ನಟಿಸಿ, ಹಗುರಾಗಿ ಹೋಗಲು ಬಿಟ್ಟಿದ್ದರು. ಕೊಡುವಾಗ ಅದು ಎಷ್ಟು ದೊಡ್ಡ ಗುಣವಾಗಿ ಕಂಡಿತ್ತು. ತೆಗೆದುಕೊಂಡವನಿಗೆ ಹೀಗೆ ಉರಿಯುತ್ತದೆಂದು ಯಾರೂ ಹೇಳಿರಲಿಲ್ಲ. ಆಕೆ, ಔಷಧಿ ಅಂಗಡಿಯಾಕೆ, ತನ್ನ ಸುಳ್ಳು ನಡೆಯಿತೆಂದು ಬೆಳಿಗ್ಗೆ ಹೆಗಲು ಇಳಿಸಿಕೊಂಡು ಹೋದಳಲ್ಲ. ಇವನಿಗೆ ಸುಳ್ಳು ಗೊತ್ತಿತ್ತೆಂದು ಒಂದು ದಿನ ತಿಳಿದರೆ ಆಕೆ ಇವನನ್ನು ಬೈದುಕೊಂಡಾಳು. ಒಳಗಿನ ಪಂಖ ಗಿರ್ರೆನ್ನುತ್ತಿತ್ತು. ಭಾವಮೈದುನ ಬಿಸಿಲಲ್ಲಿ ಹಾಗೇ ನಿಂತಿದ್ದ, ತಲೆ ನೆರೆತ ಮನುಷ್ಯ, ಬೈಗುಳಕ್ಕೆ ಕಾಯುವ ಶಾಲೆಯ ಹುಡುಗನಂತೆ. ಅಷ್ಟು ದಿನ ಪ್ರತಿ ಸಲವೂ ಪರದೆಯ ಹಿಂದೆ ನಿಂತು, ಯಾರಾದರೂ ಬರುತ್ತಾರೇನೋ ಎಂದು ಕಿವಿ ಆ ಕಡೆಗಿಟ್ಟು, ನೀಲಿಯ ಶೀಸೆ ಬಗ್ಗಿಸಿದವನು. ಅವನಿಗೂ ಅದೇನು ಸುಖದ ಕೆಲಸವಾಗಿರಲಿಕ್ಕಿಲ್ಲ.

"ಉಜ್ಜು ಅದನ್ನ," ಎಂದ ಕೊನೆಗೆ. "ಸಂಜೆಗೆ ಬರ್ತಾಳೆ ಆಕೆ."

ಭಾವಮೈದುನ ನೀಲಿಗಟ್ಟಿದ ಬಣ್ಣವನ್ನು ಉಜ್ಜಿ ತೆಗೆಯುವಷ್ಟರಲ್ಲಿ ಇವನು ಹೊಸ ಬಟ್ಟಲಲ್ಲಿ ಮತ್ತೆ ಕಲಸಿದ. ಪಟ್ಟಿಗೆ ಬಳಿದ, ಒಣಗಿಸಿದ, ಕಾರಿನ ಮುಂಭಾಗಕ್ಕೆ ಹಿಡಿದ. ಬಲಗಣ್ಣು ಒಪ್ಪಿತು. ಬಟ್ಟಲು ಎತ್ತಿ ಕೊಡಬೇಕು, ಕೊಟ್ಟು ಹೊರಗೆ ಹೋಗಿ ಕೂರಬೇಕು. ಅವನು ಹೋಗಲಿಲ್ಲ.

"ಬಾ ಇಲ್ಲಿ," ಎಂದ. "ನೋಡು."

ಇಷ್ಟು ವರ್ಷದಲ್ಲಿ ಈ ಮಾತು ಅವನ ಬಾಯಿಂದ ಬಂದಿರಲಿಲ್ಲ. ಭಾವಮೈದುನ ಕೈ ಒರೆಸಿಕೊಂಡು ಬಂದು, ಅರೆಗಣ್ಣಲ್ಲಿ ನೋಡಿ, "ಸರಿಯಾಗಿದೆ ಭಾವ," ಎಂದ.

"ಸರಿಯಾಗಿ ನೋಡಿ ಹೇಳು."

ಭಾವಮೈದುನ ಪಟ್ಟಿಯನ್ನು ತನ್ನ ಕೈಗೆ ತೆಗೆದುಕೊಂಡ. ನೆರಳಿಗೆ ಹಿಡಿದ, ಬಿಸಿಲಿಗೆ ಹಿಡಿದ, ಕಾರಿನ ಮೂಗಿನ ಬಳಿ ಬಗ್ಗಿ ಹಿಡಿದ. ಮೀಸೆ ಕಚ್ಚಿಕೊಂಡ. ಆಮೇಲೆ "ಕಪ್ಪು ಒಂದು ಹನಿ ಜಾಸ್ತಿ ಆಗಿದೆ ಅನ್ಸತ್ತೆ. ಸ್ವಲ್ಪ ಮಂಕು," ಎಂದ.

ಇವನು ಪಟ್ಟಿ ಕಿತ್ತುಕೊಂಡು ನೋಡಿದ. ಬಲಗಣ್ಣಲ್ಲಿ ನೋಡಿದ, ಎಡಗಣ್ಣಲ್ಲಿ ನೋಡಿದ, ಎರಡೂ ಬಿಟ್ಟು ನೋಡಿದ. ಮಂಕು ಕಾಣಲಿಲ್ಲ. ಹೊಸ ಕಣ್ಣಿಗೂ ಕಾಣಲಿಲ್ಲ. ನಿನಗೇನು ಗೊತ್ತೋ, ನಿನಗೆ ಬಣ್ಣ ತೋರಿಸಿದವನು ನಾನು ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಅವನು ಅದನ್ನು ನುಂಗಿದ. ಬಿಳಿಯ ಡಬ್ಬಿ ಮುಚ್ಚಳ ತೆಗೆದು, ಚಮಚವನ್ನು ಭಾವಮೈದುನನ ಕೈಗಿಟ್ಟ.

"ಹಾಕು," ಎಂದ. "ನನ್ನ ಮುಂದೆ ಹಾಕು."

ಭಾವಮೈದುನ ಚಮಚ ಬಗ್ಗಿಸಿದ. ಬಿಳಿ ಬೇಕಾದ್ದಕ್ಕಿಂತ ದಪ್ಪಗೆ ಬಟ್ಟಲಿಗೆ ಬಿದ್ದು ತಳಕ್ಕೆ ಇಳಿಯಿತು.

"ಜಾಸ್ತಿ ಬಿತ್ತು ಭಾವ."

"ಬೀಳ್ಲಿ ಬಿಡು," ಎಂದ ಅವನು, ಕಡ್ಡಿ ಹಿಡಿದು ಪಕ್ಕಕ್ಕೆ ಸರಿದು ಜಾಗ ಮಾಡಿಕೊಡುತ್ತ. "ಇನ್ನೊಂದ್ಸಲ ಕಲಸೋಣ."